ಬಿಸಿಲನ್ನು ಕಿಟಕಿಯ ಹೊರಗೇ ತಡೆಯೋಣ

(ಗಚ್ಚಿಬೌಲಿಯಲ್ಲಿ ಸೇರಿದ್ದ ಕನ್ನಡ ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹನ್ನೊಂದು ಹೊಡೆದಿದೆ. ಕಾವಲಿ ತೊಳೆದಿಟ್ಟು, ಗಲ್ಲಾ ಮುಚ್ಚಿ, ಕಾಲು ನೋಯುತ್ತಿದ್ದರೂ ತಾವೆಲ್ಲ ಬಂದು ಕುಳಿತಿದ್ದೀರಿ. ಸಂಬಳ, ರಜೆ, ಪಾಳಿಗಳನ್ನು ಕುರಿತು ಈ ಸಭೆಯಲ್ಲಿ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಈ ದಿನ ಕಿಟಕಿಯ ವಿಷಯ ಮಾತಾಡಬೇಕೆಂದಿದ್ದೇವೆ. ಸಂಘದವರಿಗೆ ಬೇರೆ ಕೆಲಸವಿಲ್ಲವೆ, ಕಿಟಕಿಗೂ ಒಂದು ಭಾಷಣವೆ ಎಂದು ನಗುವವರು ನಗಲಿ. ಅರ್ಧ ಗಂಟೆ ಕೇಳಿ, ಆಮೇಲೆ ನಗಬೇಕೋ ಬೇಡವೋ ತೀರ್ಮಾನಿಸಿ.

ಹೋದ ಮೇ ತಿಂಗಳಿನ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ನಮ್ಮ ಕೋಣೆಯಲ್ಲಿ ಸೇಡಂ ಕಡೆಯ ಹುಡುಗನೊಬ್ಬನಿದ್ದಾನೆ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಇಡ್ಲಿಯ ಹಬೆಗೆ ನಿಲ್ಲುವವನು ಅವನು. ಮಧ್ಯಾಹ್ನ ಬಂದು ಮಲಗುತ್ತಾನೆ. ಕೋಣೆ ಮೂರನೆಯ ಮಹಡಿಯಲ್ಲಿದೆ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಎಂಟು ಮಂದಿ. ಇರುವುದು ಒಂದೇ ಕಿಟಕಿ, ಅದೂ ಪಡುವಲಿಗೆ: ಐದಡಿ ಅಗಲ, ನಾಲ್ಕಡಿ ಎತ್ತರ, ಅಲ್ಯುಮಿನಿಯಮ್ ಚೌಕಟ್ಟು, ಅತ್ತ ಇತ್ತ ಜಾರುವ ಎರಡು ಗಾಜು. ಆ ದಿನ ನಾಲ್ಕು ಗಂಟೆಯ ಹೊತ್ತಿಗೆ ಹುಡುಗ ನೀರು ಕುಡಿಯಲು ಎದ್ದವನು ಬಾಗಿಲ ಬಳಿ ಬಿದ್ದುಬಿಟ್ಟ. ಮೈ ಕೆಂಡದಂತಿತ್ತು. ಹೊತ್ತುಕೊಂಡು ಓಡಿದೆವು. ಸೆಕೆಯ ಹೊಡೆತವೆಂದು ಡಾಕ್ಟರು ಹೇಳಿದರು. ದೇವರ ದಯೆ, ಹುಡುಗ ಉಳಿದ. ಮಾರನೆಯ ದಿನ, "ಏನಾಯಿತಪ್ಪ?" ಎಂದು ಕೇಳಿದರೆ ಅವನು ಹೇಳಿದ್ದಿಷ್ಟು: "ಏನಿಲ್ರಿ ಅಣ್ಣಾರ, ಗ್ವಾಡಿ ಸುಡ್ತದ, ಗಾಜು ಸುಡ್ತದ, ಎಲ್ಲಿ ಮಕ್ಕೋಬೇಕ್ರಿ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾಚಿಕೆಯಾಯಿತು. ಎಂಟು ತಾಸಿನ ದುಡಿಮೆಗೆ ಹೋರಾಡಿದವರು, ದುಡಿದವನು ಮಲಗುವ ಜಾಗದ ಕಡೆ ತಿರುಗಿಯೂ ನೋಡಿರಲಿಲ್ಲ.

ಮೊದಲು ನಮಗೆ ತೋಚಿದಂತೆ ಮಾಡಿದೆವು. ಕಪ್ಪು ಕಾಗದ ತಂದು ಗಾಜಿನ ಒಳಮೈಗೆ ಅಂಟಿಸಿದೆವು. ಕೋಣೆ ಕತ್ತಲಾಯಿತು, ತಂಪಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಟಪ್ಪೆಂದು ಸದ್ದಾಗಿ ಗಾಜು ಅಂಚಿನಿಂದ ಅಂಚಿಗೆ ಸೀಳಿತು. ಅದರ ದುಡ್ಡನ್ನು ಎಂಟು ಮಂದಿಯ ಸಂಬಳದಲ್ಲಿ ಹಿಡಿದುಕೊಂಡರು. ಹೀಗೆ ಕಿಟಕಿಯ ಪಾಠಕ್ಕೆ ನಾವು ಶುಲ್ಕ ಕೊಟ್ಟು ಕಲಿತವರು.

ನಮ್ಮ ಹೋಟೆಲಿಗೆ ದಿನವೂ ಕಾಫಿಗೆ ಬರುವ ಇಂಜಿನಿಯರರೊಬ್ಬರಿದ್ದಾರೆ, ರಾಯಚೂರಿನ ಕಡೆಯವರು. ಕಟ್ಟಡಗಳ ಲೆಕ್ಕ ಹಾಕುವುದೇ ಅವರ ಉದ್ಯೋಗ. ಅವರಿಗೆ ಗಾಜು ಒಡೆದ ಕಥೆ ಹೇಳಿದೆವು. ಲೋಟ ಕೆಳಗಿಟ್ಟು ಅವರೆಂದರು: "ಕಳ್ಳನ್ನ ಮನಿ ಒಳಗ ಕರಕೊಂಡು ಆಮ್ಯಾಲೆ ಬಾಗಲಾ ಹಾಕಿದಂಗಾತು ನೋಡ್ರಿ." ಅಲ್ಲಿಂದ ಮುಂದೆ ತಿಂಗಳು ಒಂದೂವರೆ ತಿಂಗಳು, ದಿನಕ್ಕೆ ಹತ್ತು ಹತ್ತು ನಿಮಿಷ, ಅವರಿಂದ ಕೇಳಿ ಬರೆದುಕೊಂಡೆವು. ಏಳನೆಯ ತರಗತಿಗೆ ಶಾಲೆ ಬಿಟ್ಟು ಬಂದ ನಮಗೆ ಅರ್ಥವಾದ ಮೇಲೆ ನಿಮಗೆ ಆಗದೆ ಇರಲಾರದು. ಕೇಳಿ.

ಶಾಖ ಸಾಗುವ ದಾರಿ ಮೂರು. ಮೂರನ್ನೂ ನಾವು ಅಡಿಗೆಮನೆಯಲ್ಲಿ ಕಂಡವರೆ. ದೋಸೆ ಮಗುಚುವ ಕಬ್ಬಿಣದ ಸಟ್ಟುಗವನ್ನು ಕಾವಲಿಯ ಮೇಲೆ ಮರೆತುಬಿಟ್ಟರೆ ಹಿಡಿ ಕೈ ಸುಡುತ್ತದೆ. ಮರದ ಹಿಡಿಯಿದ್ದರೆ ಸುಡುವುದಿಲ್ಲ. ವಸ್ತುವಿನೊಳಗೇ ಹಾದುಬರುವ ಶಾಖ ಇದು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೊಡನೆ ಹಬೆ ಮುಖಕ್ಕೆ ಹೊಡೆಯುತ್ತದೆ. ಗಾಳಿಯೊಡನೆ ಹೊರಟುಬರುವ ಶಾಖ ಅದು. ಮೂರನೆಯದು, ಕಾವಲಿಯನ್ನು ಮುಟ್ಟದೆ, ಹಬೆಯೂ ಇಲ್ಲದೆ, ಮೊಳದೂರದಲ್ಲಿ ನಿಂತರೂ ಕೆನ್ನೆ ಕಾಯುತ್ತದಲ್ಲ, ಅದು. ಕಿರಣವಾಗಿ ಬರುವ ಶಾಖ. ಸೂರ್ಯನಿಂದ ನಮಗೆ ಬರುವ ಶಾಖವೆಲ್ಲ ಈ ಮೂರನೆಯ ಜಾತಿಯದು.

ಕಿಟಕಿಯಲ್ಲಿಯೂ ಈ ಮೂರು ದಾರಿಗಳುಂಟು. ಗಾಜು ಮತ್ತು ಚೌಕಟ್ಟಿನ ಮೂಲಕ ಹಾದುಬರುವುದು ಒಂದು. ಸಂದುಗಳಲ್ಲಿ ನುಗ್ಗುವ ಬಿಸಿಗಾಳಿ ಒಂದು. ಬಿಸಿಲು ನೆಟ್ಟಗೆ ಗಾಜನ್ನು ದಾಟಿ ಬರುವುದು ಒಂದು. ಇವುಗಳಲ್ಲಿ ದೊಡ್ಡದು ಯಾವುದು? ಇಂಜಿನಿಯರರು ಲೆಕ್ಕ ಹಾಕಿ ತೋರಿಸಿದರು. ಹೊರಗೆ 42 ಡಿಗ್ರಿ, ಒಳಗೆ ಏ.ಸಿ. ಇಟ್ಟು 27 ಡಿಗ್ರಿ ಎಂದುಕೊಳ್ಳಿ. ಸಾಧಾರಣ ಒಂಟಿ ಗಾಜಿನ ಒಂದು ಚದರ ಮೀಟರಿನ ಮೂಲಕ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಆರು ವಾಟಿಗೆ ತುಸು ಕಡಿಮೆ ಶಾಖ ಹಾದುಬರುತ್ತದೆ. ಹದಿನೈದು ಡಿಗ್ರಿಗೆ ಸುಮಾರು 87 ವಾಟ್ ಆಯಿತು. ಅದೇ ಗಾಜಿನ ಮೇಲೆ ಸಂಜೆ ನಾಲ್ಕರ ಪಡುವಣ ಬಿಸಿಲು ಬಿದ್ದರೆ ಚದರ ಮೀಟರಿಗೆ ಸುಮಾರು 600 ವಾಟ್. ಬಣ್ಣವಿಲ್ಲದ ಗಾಜು ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಒಳಗೆ ಬಿಡುತ್ತದೆ. ಅಂದರೆ 480 ವಾಟ್. ಹಾದುಬರುವ ಶಾಖಕ್ಕಿಂತ ಬಿಸಿಲಿನ ಶಾಖ ಐದು ಪಟ್ಟಿಗೂ ಮೇಲಾಯಿತು. ಏ.ಸಿ. ಇಲ್ಲದ ನಮ್ಮ ಕೋಣೆಯಲ್ಲಂತೂ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಸೆಕೆ. ಅಲ್ಲಿ ಕಿಟಕಿಯಿಂದ ಬರುವುದು ಬಹುಮಟ್ಟಿಗೆ ಬಿಸಿಲಿನದೇ ಶಾಖ.

ನಮ್ಮ ಕೋಣೆಯ ಕಿಟಕಿ ಇಪ್ಪತ್ತು ಚದರಡಿ, ಎರಡು ಚದರ ಮೀಟರಿಗೆ ಸ್ವಲ್ಪ ಕಡಿಮೆ. ಅದೇ ಲೆಕ್ಕದಲ್ಲಿ ಸುಮಾರು 900 ವಾಟ್ ಆಗುತ್ತದೆ. ಇಸ್ತ್ರಿಪೆಟ್ಟಿಗೆಯೊಂದನ್ನು ಕಾಯಿಸಿ ಆ ಹುಡುಗನ ತಲೆದಿಂಬಿನ ಪಕ್ಕದಲ್ಲಿ ಸಂಜೆಯವರೆಗೆ ಆರಿಸದೆ ಇಟ್ಟಂತೆ. ಇದು ತಿಳಿದ ದಿನ ನಮಗೆ ಊಟ ಸೇರಲಿಲ್ಲ.

ಒಳಬಂದ ಮೇಲೆ ಈ ಬಿಸಿಲು ಹಿಂದಕ್ಕೇಕೆ ಹೋಗುವುದಿಲ್ಲ? ಬೆಳಕಾಗಿ ಗಾಜನ್ನು ದಾಟಿದ್ದು ನೆಲ, ಗೋಡೆ, ಹಾಸಿಗೆಗಳ ಮೇಲೆ ಬಿದ್ದು ಅವನ್ನು ಕಾಯಿಸುತ್ತದೆ. ಕಾದ ವಸ್ತುಗಳೂ ಕಿರಣ ಬಿಡುತ್ತವೆ, ಆದರೆ ಅದು ಕಣ್ಣಿಗೆ ಕಾಣದ ಬೇರೆ ಜಾತಿಯ ಕಿರಣ. ಅದನ್ನು ಗಾಜು ದಾಟಗೊಡುವುದಿಲ್ಲ. ಬರುವಾಗ ತೆರೆದ ಬಾಗಿಲು ಹೋಗುವಾಗ ಮುಚ್ಚಿರುತ್ತದೆ. ನಾವು ಅಂಟಿಸಿದ ಕಪ್ಪು ಕಾಗದ ಮಾಡಿದ್ದೂ ಇಷ್ಟೇ. ಬಿಸಿಲು ಗಾಜನ್ನು ದಾಟಿ ಕಾಗದಕ್ಕೆ ಬಡಿಯಿತು. ಕಪ್ಪು ಅದನ್ನು ನುಂಗಿ ಕಾಯಿತು. ಅರ್ಧ ಶಾಖ ಕೋಣೆಗೆ, ಅರ್ಧ ಗಾಜಿಗೆ. ಗಾಜಿನ ನಡು ಕಾದು ಹಿಗ್ಗಿತು, ಚೌಕಟ್ಟಿನೊಳಗಿದ್ದ ಅಂಚು ತಣ್ಣಗೆ ಇತ್ತು. ಸೀಳದೆ ಏನು ಮಾಡೀತು?

ಒಳಗೆ ಹಾಕುವ ಬಟ್ಟೆಯ ಪರದೆಯ ಕಥೆಯೂ ಇದೇ. ಬಿಳಿಯದಾದರೆ ಕೊಂಚ ಬೆಳಕನ್ನು ಹಿಂದಕ್ಕೆ ಅಟ್ಟುತ್ತದೆ; ಉಳಿದದ್ದು ಒಳಗಿನ ಲೆಕ್ಕಕ್ಕೇ ಸೇರುತ್ತದೆ. ಗಾಜಿನ ಹೊರಗೆ ಕಟ್ಟಿದ ದಟ್ಟವಾದ ತಟ್ಟಿಯೂ ಕಾಯುತ್ತದೆ, ಆದರೆ ಅದರ ಶಾಖವನ್ನು ಹೊರಗಿನ ಗಾಳಿ ಹೊತ್ತುಕೊಂಡು ಹೋಗುತ್ತದೆ. ಬಿಸಿಲಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಅದು ಹೊರಗೇ ನಿಲ್ಲಿಸಬಲ್ಲದು. ಈ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಬಿಸಿಲನ್ನು ಗಾಜಿನ ಹೊರಗೆ ತಡೆಯಬೇಕು. ಒಳಗೆ ಬಂದ ಮೇಲೆ ತಡೆಯುವುದೆಲ್ಲ ತಡವಾದ ತಡೆ.

ನಾವು ಇದನ್ನು ಮಾಡಿಯೂ ನೋಡಿದೆವು. ಮಗ್ಗುಲ ಕೋಣೆಯೂ ನಮ್ಮಂಥದೆ, ಅದೇ ಅಳತೆ, ಅದೇ ಪಡುವಲು. ಅಲ್ಲಿ ದಪ್ಪ ಪರದೆಯೊಂದನ್ನು ಒಳಗೆ ಕಟ್ಟಿದರು. ನಾವು ಗೋಣಿತಾಟನ್ನು ಎರಡು ಪದರ ಮಾಡಿ ಹೊಲಿದು ಹೊರಗೆ ಇಳಿಬಿಟ್ಟೆವು, ಗಾಜಿಗೂ ಅದಕ್ಕೂ ಗೇಣು ಅಂತರ ಬಿಟ್ಟು. ಮೂರನೆಯ ದಿನವೇ ಪರದೆಯ ಕೋಣೆಯವರು ರಾತ್ರಿ ಚಾಪೆ ಹೊತ್ತು ಮಾಳಿಗೆಗೆ ಹೋಗುತ್ತಿದ್ದರೆ ನಾವು ಕೋಣೆಯಲ್ಲೇ ಮಲಗಿದ್ದೆವು. ತಂಪಾಗಿತ್ತೆಂದು ಸುಳ್ಳು ಹೇಳುವುದಿಲ್ಲ. ಮಲಗಬಹುದಾಗಿತ್ತು, ಅಷ್ಟೇ. ನಮ್ಮ ಮಂದಿಗೆ ಅದೇ ದೊಡ್ಡದು.

ಇದೇನೂ ಹೊಸ ವಿದ್ಯೆಯಲ್ಲ. ಬೇಲೂರಿನ ಗುಡಿಗೆ ಹೋದವರು ಕಲ್ಲಿನ ಜಾಲಂಧ್ರಗಳನ್ನು ನೋಡಿರುತ್ತೀರಿ. ಬೆಳಕು ಚೂರುಚೂರಾಗಿ ಒಳಗೆ ಬರುತ್ತದೆ, ಗಾಳಿ ಬರುತ್ತದೆ, ಬಿಸಿಲು ಹೊರಗೇ ಉಳಿಯುತ್ತದೆ. ಕರಾವಳಿಯ ಮನೆಗಳ ಇಳಿಮಾಡು, ಜಗಲಿ, ಮರದ ಪಟ್ಟಿಗಳ ಕಿಟಕಿ. ಬಯಲುಸೀಮೆಯ ದಪ್ಪ ಗೋಡೆಯಲ್ಲಿ ಒಳಕ್ಕೆ ಸರಿಸಿದ ಸಣ್ಣ ಕಿಟಕಿ. ಬೇಸಗೆಯಲ್ಲಿ ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ. ಎಲ್ಲವೂ ಹೇಳಿದ್ದು ಆ ಒಂದೇ ಮಾತನ್ನು. ಊರಲ್ಲಿ ನಮ್ಮ ಅಜ್ಜಂದಿರಿಗೆ ಗೊತ್ತಿದ್ದುದನ್ನು ಪಟ್ಟಣಕ್ಕೆ ಬಂದು ನಾವು ಮರೆತೆವು.

ದೂರದ ಉದಾಹರಣೆಯೇಕೆ? ಇಲ್ಲಿಂದ ಕೊಂಡಾಪುರದ ಕಡೆಗೆ ಹೋದರೆ ಹೈಟೆಕ್ ಸಿಟಿಯ ಬಳಿ ಸಿ.ಐ.ಐ. ಸೊಹ್ರಾಬ್ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರವಿದೆ. 2004ರ ಜುಲೈ 14ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ಉದ್ಘಾಟಿಸಿದರು. ಹಸಿರು ಕಟ್ಟಡಗಳಿಗೆ ಅಮೆರಿಕದವರು ಕೊಡುವ ಲೀಡ್ ಎಂಬ ಶ್ರೇಣಿಯಲ್ಲಿ ಅತ್ಯುಚ್ಚವಾದ ಪ್ಲಾಟಿನಮ್ ದರ್ಜೆಯನ್ನು ಆ ದೇಶದ ಹೊರಗೆ ಮೊದಲು ಪಡೆದ ಕಟ್ಟಡವೆಂದು ಅದು ಹೆಸರಾಯಿತು. ವಾಸ್ತುಶಿಲ್ಪಿ ಕರಣ್ ಗ್ರೋವರ್ ಅವರು ಅಲ್ಲಿ ಮಾಡಿದ್ದೇನು? ನಡುವೆ ಅಂಗಳವಿಟ್ಟರು, ಗಾಳಿಗೋಪುರ ಕಟ್ಟಿದರು, ಮಾಳಿಗೆಯ ಮೇಲೆ ಹುಲ್ಲು ಬೆಳೆಸಿದರು, ಬಿಸಿಲು ಬಡಿಯುವಲ್ಲಿ ಜಾಲರಿಯ ಗೋಡೆ ನಿಲ್ಲಿಸಿದರು. ದೇಶವಿದೇಶದಿಂದ ಅದನ್ನು ನೋಡಲು ಬರುತ್ತಾರೆ. ಅದರ ಸುತ್ತಲೂ ಎದ್ದಿರುವ ಗಾಜಿನ ಗೋಪುರಗಳನ್ನು ನೋಡಿದರೆ, ನೋಡಲು ಬಂದವರು ಬೇರೆ, ಕಟ್ಟಿದವರು ಬೇರೆ ಎನ್ನಿಸುತ್ತದೆ.

ಇನ್ನು ದಿಕ್ಕಿನ ಮಾತು. ಒಂದೇ ಬಗೆಯ ನೆರಳು ಎಲ್ಲ ದಿಕ್ಕಿಗೂ ಸಾಲದು. ಹೈದರಾಬಾದಿನಲ್ಲಿ ಮೇ 9ರ ಸುಮಾರಿಗೆ ನಡುಹಗಲು ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನಲ್ಲಿ ಅವನು ಒಂದಿಷ್ಟು ಉತ್ತರಕ್ಕೇ ವಾಲಿರುತ್ತಾನೆ. ಆದ್ದರಿಂದ ತೆಂಕಣ ಕಿಟಕಿಯನ್ನು ಕಾಯುವುದು ಸುಲಭ. ಕಿಟಕಿಯ ಮೇಲೆ ಎರಡಡಿ ಮುಂಚಾಚಿದ ಸಜ್ಜವಿದ್ದರೆ ಮಾರ್ಚ್ ಕೊನೆಯ ನಡುಹಗಲಲ್ಲಿಯೇ ನಾಲ್ಕಡಿ ಗಾಜು ಪೂರ್ತಿ ನೆರಳಿನಲ್ಲಿರುತ್ತದೆ. ಪಡುವಲಿಗೆ ಅದೇ ಸಜ್ಜ ಹಾಕಿ ನೋಡಿ. ಮೇ ತಿಂಗಳಿನ ಸಂಜೆ ನಾಲ್ಕಕ್ಕೆ ಅದರ ನೆರಳು ಸುಮಾರು ಒಂದೂವರೆ ಅಡಿ ಇಳಿಯುತ್ತದೆ. ಐದಕ್ಕೆ ಒಂದಡಿಯೂ ಇಲ್ಲ. ಸೂರ್ಯ ಕೆಳಗಿಳಿದು ಎದುರಿನಿಂದಲೇ ನುಗ್ಗುವಾಗ ತಲೆಯ ಮೇಲಿನ ಕೊಡೆ ಏನು ಮಾಡೀತು? ಅಲ್ಲಿ ಕಿಟಕಿಯ ಮುಂದೆಯೇ ಇಳಿಬೀಳುವ ತಟ್ಟಿ, ಓರೆ ಪಟ್ಟಿಗಳ ಕದ, ಜಾಲರಿ ಅಥವಾ ಒಂದು ಮರ ಬೇಕು. ಮೂಡಲಿಗೂ ಬೆಳಗಿನಲ್ಲಿ ಇದೇ ನ್ಯಾಯ. ಬಾಡಿಗೆಗೆ ಕೋಣೆ ನೋಡುವಾಗ ನಲ್ಲಿಯಲ್ಲಿ ನೀರು ಬರುತ್ತದೆಯೆ ಎಂದು ಕೇಳುತ್ತೇವೆ. ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳುವುದಿಲ್ಲ. ಇನ್ನು ಮೇಲೆ ಕೇಳೋಣ.

ಈಗ ಗಾಜಿನ ಸಂಗತಿ. ನಮ್ಮ ಚಹಾ ಹುಡುಗರು ಹೊತ್ತು ತಿರುಗುವ ಫ್ಲಾಸ್ಕನ್ನು ನೆನೆಸಿಕೊಳ್ಳಿ. 1892ರಲ್ಲಿ ಜೇಮ್ಸ್ ಡ್ಯೂಯರ್ ಎಂಬ ವಿಜ್ಞಾನಿ ಅದನ್ನು ಮಾಡಿದರು. ಒಂದರೊಳಗೊಂದು ಎರಡು ಗಾಜಿನ ಗೋಡೆ. ನಡುವೆ ಗಾಳಿ ತೆಗೆದ ಬರಿದು. ಗಾಜಿಗೆ ಬೆಳ್ಳಿಯ ಲೇಪ. ಎರಡು ಗೋಡೆಯ ನಡುವಿನ ಬರಿದು ಹಾದುಹೋಗುವ ಶಾಖವನ್ನು ತಡೆಯುತ್ತದೆ, ಬೆಳ್ಳಿಯ ಲೇಪ ಕಿರಣದ ಶಾಖವನ್ನು ಹಿಂದಕ್ಕೆ ಅಟ್ಟುತ್ತದೆ. ಇಂದಿನ ದುಬಾರಿ ಕಿಟಕಿಗಳು ಇದೇ ಉಪಾಯದವು. ಎರಡು ಗಾಜು, ನಡುವೆ ಬೆರಳಗಲದ ಒಣ ಗಾಳಿ; ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳ್ಳಿಯ ಲೇಪ. ಎರಡು ಗಾಜಿನಿಂದ ಹಾದುಬರುವ ಶಾಖ ಅರ್ಧಕ್ಕೆ ಇಳಿಯುತ್ತದೆ. ಆದರೆ ಎಚ್ಚರ: ಎರಡೂ ಬಣ್ಣವಿಲ್ಲದ ಬರಿಯ ಗಾಜಾದರೆ ಬಿಸಿಲಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಒಳಗೆ ಬಂದೇ ಬರುತ್ತದೆ. ಬಿಸಿಲಿನ ಊರಿಗೆ ಬೇಕಾದದ್ದು ಬಿಸಿಲನ್ನು ತಡೆಯುವ ಲೇಪ. ಗಾಜು ಮಾರುವವರು "ಡಬಲ್ ಗಾಜು" ಎಂದು ಹೇಳಿದ ಮಾತ್ರಕ್ಕೆ ಮರುಳಾಗಬಾರದು; ಎರಡು ಅಂಕಿಗಳನ್ನು ಕೇಳಬೇಕು. ಒಂದು, ಬಿಸಿಲಿನ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಇನ್ನೊಂದು, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವಾಟ್ ಹಾದುಬರುತ್ತದೆ ಎಂಬುದು. ಎರಡೂ ಕಡಿಮೆಯಿದ್ದಷ್ಟು ಒಳ್ಳೆಯದು.

ಚೌಕಟ್ಟನ್ನೂ ಮರೆಯಬಾರದು. ಕಬ್ಬಿಣದ ಸಟ್ಟುಗ, ಮರದ ಹಿಡಿ ಎಂದೆವಲ್ಲ. ಅಲ್ಯುಮಿನಿಯಮ್ ಮರಕ್ಕಿಂತ ಸಾವಿರ ಪಟ್ಟಿಗೂ ಮೇಲೆ ಶಾಖವನ್ನು ಹಾಯಿಸುತ್ತದೆ. ಏ.ಸಿ. ಇಟ್ಟ ಕಟ್ಟಡದಲ್ಲಿ ಒಳ್ಳೆಯ ಗಾಜು ಹಾಕಿ ಬರಿಯ ಅಲ್ಯುಮಿನಿಯಮ್ ಚೌಕಟ್ಟಿಟ್ಟರೆ ತೂತಿನ ಕೊಡಕ್ಕೆ ನೀರು ಹೊತ್ತಂತೆ.

2017ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕಟ್ಟಡಗಳ ಶಕ್ತಿಮಿತವ್ಯಯ ಸಂಹಿತೆ ಈ ಅಂಕಿಗಳನ್ನು ಬರೆದೇ ಇಟ್ಟಿತು. ನಮ್ಮಂಥ ಹವೆಯ ಊರುಗಳಲ್ಲಿ, ಬಡಗಣ ದಿಕ್ಕನ್ನು ಬಿಟ್ಟು ಉಳಿದ ಕಡೆ, ಬಿಸಿಲಿನಲ್ಲಿ ನೂರಕ್ಕೆ 27 ಪಾಲಿಗಿಂತ ಹೆಚ್ಚು ಗಾಜಿನಲ್ಲಿ ಒಳಬರಬಾರದು. ಡಿಗ್ರಿಗೆ ಚದರ ಮೀಟರಿಗೆ 3 ವಾಟಿಗಿಂತ ಹೆಚ್ಚು ಹಾದುಬರಬಾರದು. ಗೋಡೆಯ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಕಿಟಕಿ ಇರಬಾರದು ಎಂದಿತು. ಒಳ್ಳೆಯ ಮಾತು. ಆದರೆ ಅದು 100 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ವಿದ್ಯುತ್ ಸಂಪರ್ಕದ ದೊಡ್ಡ ಕಟ್ಟಡಗಳಿಗೆ. ಗಲ್ಲಿಯ ಮೂರನೆಯ ಮಹಡಿಯ ಕೋಣೆ ಅದರ ಕಣ್ಣಿಗೆ ಬೀಳಲಿಲ್ಲ.

2018ರಲ್ಲಿ ವಾಸದ ಮನೆಗಳಿಗೆ ಪರಿಸರ ನಿವಾಸ ಸಂಹಿತೆ ಬಂದಿತು. ಅದರಲ್ಲಿ ನಮಗೆ ಬೇಕಾದ ಅಂಕಿಯೊಂದಿದೆ. ಇಂಥ ಹವೆಯಲ್ಲಿ ನೆಲದ ವಿಸ್ತೀರ್ಣದ ಎಂಟನೆಯ ಒಂದು ಪಾಲಿನಷ್ಟಾದರೂ ಗಾಳಿಗೆ ತೆರೆಯುವಂತಿರಬೇಕು. ನಮ್ಮ ಕೋಣೆ 120 ಚದರಡಿ. 15 ಚದರಡಿ ತೆರೆಯಬೇಕು. ಕಿಟಕಿ 20 ಚದರಡಿ ಇದೆಯಲ್ಲ ಎಂದೀರಿ. ಜಾರುಗಾಜಿನಲ್ಲಿ ಒಂದು ಕದ ಇನ್ನೊಂದರ ಮೇಲೆ ಕೂರುತ್ತದೆ. ತೆರೆಯುವುದು ಅರ್ಧವೇ, 10 ಚದರಡಿ. ಬಿಸಿಲಿಗೆ ಇಪ್ಪತ್ತು, ಗಾಳಿಗೆ ಹತ್ತು. ಬಿಜಾಗರಿ ಹಾಕಿದ ಕದವಾಗಿದ್ದರೆ ಪೂರ್ತಿ ತೆರೆಯುತ್ತಿತ್ತು. ಆ ಸಂಹಿತೆಯೂ ದೊಡ್ಡ ನಿವೇಶನಗಳನ್ನು ಉದ್ದೇಶಿಸಿದ್ದು. ಆದರೆ ಅಳತೆಗೋಲು ಚಿಕ್ಕ ಕೋಣೆಗೂ ಅಳತೆಗೋಲೇ. ತೆಲಂಗಾಣ ಸರಕಾರ 2023ರಲ್ಲಿ ತಂಪು ಮಾಳಿಗೆಗಳ ನೀತಿಯನ್ನು ಹೊರಡಿಸಿತು. ಮಾಳಿಗೆಗೆ ಬಿಳಿಯ ಲೇಪ ಬಂದರೆ ಬಹಳ ಸಂತೋಷ. ಮಾಳಿಗೆಯ ಕೆಳಗಿನ ಕಿಟಕಿಗೂ ಒಂದು ನೀತಿ ಬೇಕು.

ಬಂಧುಗಳೆ, ಈಗ ಹೋಟೆಲಿನ ಮುಂಭಾಗಕ್ಕೆ ಬರೋಣ. ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಗಾಜಿನ ಮುಖ ಪಡುವಲಿಗೆ ಇದೆಯೆಂದುಕೊಳ್ಳಿ. ಮೇಲಿನ ಲೆಕ್ಕದಂತೆ ಸಂಜೆ ಅದರ ಮೂಲಕ ಸುಮಾರು 9 ಕಿಲೋವಾಟ್ ಶಾಖ ಒಳಬರುತ್ತದೆ. ಅದನ್ನು ಎತ್ತಿ ಹೊರಹಾಕಲು ಎರಡೂವರೆ ಟನ್ನಿನ ಏ.ಸಿ. ಬೇಕು, ಬಿಸಿಲಿನ ಪಾಲಿಗೆ ಮಾತ್ರ. ಗಿರಾಕಿಗಳು, ಬಿಸಿ ಸಾಂಬಾರು, ದೀಪಗಳ ಲೆಕ್ಕ ಬೇರೆ. ನೂರಕ್ಕೆ 27 ಪಾಲು ಬಿಡುವ ಗಾಜಾದರೆ ಅದೇ ಕೆಲಸಕ್ಕೆ ಒಂದು ಟನ್ನೂ ಬೇಡ. ಮುಂದೆ ಒಂದು ಜಾಲರಿ ನಿಲ್ಲಿಸಿದರೆ ಇನ್ನೂ ಇಳಿಯುತ್ತದೆ.

ಏ.ಸಿ. ಶಾಖವನ್ನು ಕೊಲ್ಲುವುದಿಲ್ಲ, ಸಾಗಿಸುತ್ತದೆ. ಒಳಗಿನ ಮೂರು ಪಾಲು ಶಾಖ ಎತ್ತಲು ಸುಮಾರು ಒಂದು ಪಾಲು ವಿದ್ಯುತ್ತು ಖರ್ಚಾಗುತ್ತದೆ. ನಾಲ್ಕೂ ಪಾಲು ಹೊರಗಿನ ಪೆಟ್ಟಿಗೆಯಿಂದ ಬಿಸಿಗಾಳಿಯಾಗಿ ಹೊರಬೀಳುತ್ತದೆ. ಆ ಪೆಟ್ಟಿಗೆಗಳನ್ನು ಎಲ್ಲಿ ಕೂಡಿಸಿದ್ದಾರೆ, ಹೇಳಿ? ಹಿಂದಿನ ಓಣಿಯಲ್ಲಿ, ತಟ್ಟೆ ತೊಳೆಯುವ ಜಾಗಕ್ಕೆ ಮುಖಮಾಡಿ. ಮುಂದೆ ಗಾಜಿನಿಂದ ಬಂದ ಬಿಸಿಲು ಗಿರಾಕಿಯನ್ನು ದಾಟಿ ಹಿಂದೆ ನಿಂತಿರುವ ನಮ್ಮ ತಾಯಂದಿರ, ಅಕ್ಕಂದಿರ ಮುಖಕ್ಕೆ ಬಂದು ಬಡಿಯುತ್ತದೆ. ಮಾಲಿಕರನ್ನು ಬಯ್ಯಲು ಈ ಮಾತು ಹೇಳುತ್ತಿಲ್ಲ. ವಿದ್ಯುತ್ತಿನ ಬಿಲ್ಲು ಕಟ್ಟುವವರು ಅವರೇ. ಬಿಸಿಲು ಹೊರಗೆ ನಿಂತರೆ ಮೊದಲ ಲಾಭ ಅವರಿಗೇ. ಈ ಲೆಕ್ಕವನ್ನು ಅವರ ಮುಂದಿಟ್ಟರೆ ಕೇಳುತ್ತಾರೆಂಬ ನಂಬಿಕೆ ನಮಗಿದೆ.

ಕೇಳದಿದ್ದರೆ ಕಾನೂನಿದೆಯೆ? 1948ರ ಕಾರ್ಖಾನೆ ಕಾಯಿದೆಯ 13ನೆಯ ಕಲಮು ಗಾಳಿ ಮತ್ತು ಉಷ್ಣತೆಯ ಮಾತನ್ನು ಹೇಳಿತ್ತು. ಸೆಕೆ ಏರದಂತೆ, ಸಾಧ್ಯವಾದಷ್ಟು ತಗ್ಗಿರುವಂತೆ ಗೋಡೆ ಮಾಳಿಗೆಗಳನ್ನು ತಕ್ಕ ವಸ್ತುವಿನಿಂದ ಕಟ್ಟತಕ್ಕದ್ದೆಂದು ವಿಧಿಸಿತ್ತು. ಆದರೆ 1976ರ ತಿದ್ದುಪಡಿಯಲ್ಲಿ ಹೋಟೆಲು, ಉಪಾಹಾರಗೃಹಗಳನ್ನು ಕಾರ್ಖಾನೆಯೆಂಬ ಮಾತಿನಿಂದಲೇ ಹೊರಗಿಟ್ಟರು. ಕಾವಲಿಯ ಮುಂದೆ ನಿಂತವನಿಗೆ ಆ ಕಲಮು ಸಿಗಲಿಲ್ಲ. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅದರೊಳಗೆ ಬರುತ್ತವೆ. ಗಾಳಿ, ಉಷ್ಣತೆ, ತೇವಗಳ ಹೊಣೆ ಅದರ 23ನೆಯ ಕಲಮಿನಲ್ಲಿ ಮಾಲಿಕರಿಗೆ ಸೇರಿದ್ದು. ಒಂಬತ್ತೇ ಮಂದಿಯಿರುವ ಹೋಟೆಲಿನವರು ಏನು ಮಾಡಬೇಕು? ಅವರಿಗೆ ಸಂಘವೇ ಕಲಮು.

ನಮ್ಮ ಕೋರಿಕೆಯ ಕಾಗದ ಸಿದ್ಧವಾಗಿದೆ. ಅದರಲ್ಲಿ ನಾಲ್ಕು ಮಾತುಗಳಿವೆ. ಒಂದನೆಯದು, ಕೆಲಸಗಾರರು ಮಲಗುವ ಕೋಣೆಗಳ ಮೂಡಣ ಪಡುವಣ ಕಿಟಕಿಗಳಿಗೆ ಹೊರಗಿನಿಂದ ನೆರಳು. ಎರಡನೆಯದು, ಜಾರುಗಾಜಿನ ಬದಲು ಪೂರ್ತಿ ತೆರೆಯುವ ಕದ, ಅದಕ್ಕೆ ಸೊಳ್ಳೆಯ ಬಲೆ. ಮೂರನೆಯದು, ಏ.ಸಿ.ಯ ಹೊರಪೆಟ್ಟಿಗೆಗಳನ್ನು ತಟ್ಟೆ ತೊಳೆಯುವ ಓಣಿಯಿಂದ ಮಾಳಿಗೆಗೆ ಏರಿಸುವುದು. ನಾಲ್ಕನೆಯದು, ಮುಂದೆ ಗಾಜು ಬದಲಿಸುವ ದಿನ ಆ ಎರಡು ಅಂಕಿಗಳನ್ನು ನೋಡಿ ಕೊಳ್ಳುವುದು. ಕೋಣೆಗೂ ಏ.ಸಿ. ಬೇಕೆಂದು ಯಾಕೆ ಕೇಳಲಿಲ್ಲ ಎಂದು ಕೆಲವರು ಆಕ್ಷೇಪಿಸಿದರು. ಕೇಳಬಾರದೆಂದಲ್ಲ. ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಪಕ್ಕದಲ್ಲಿ ಏ.ಸಿ. ಇಟ್ಟರೆ ಅದರ ಬಿಲ್ಲು ಕೊನೆಗೆ ಯಾರ ಸಂಬಳದ ಮೇಲೆ ಬೀಳುವುದೆಂಬುದನ್ನು ಗಾಜು ಒಡೆದ ದಿನ ಕಂಡಿದ್ದೇವೆ. ಮೊದಲು ನೆರಳು ಬರಲಿ.

ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಕಿಟಕಿಗೆ ಅಡ್ಡವಾಗಿ ಟ್ರಂಕು ಪೇರಿಸಿ ಗಾಳಿಯನ್ನು ಕಟ್ಟಿಹಾಕಿದವರು ನಾವೇ. ಅದನ್ನು ತೆಗೆಯಬೇಕು. ಹಗಲು ಹೊರಗಿನ ಗಾಳಿ ಸುಡುವಾಗ ಬಿಸಿಲಿನ ಕಡೆಯ ಗಾಜನ್ನು ಮುಚ್ಚಿ ನೆರಳಿನ ಕಡೆ ಕೊಂಚ ತೆರೆದಿಡಬೇಕು; ಹೊರಗೆ ತಂಪಾದೊಡನೆ ಕಿಟಕಿ ಬಾಗಿಲು ಎಲ್ಲವನ್ನೂ ತೆರೆದು ಗೋಡೆಯ ಕಾವು ಹೊರಟುಹೋಗುವಂತೆ ಮಾಡಬೇಕು. ತಟ್ಟಿಯನ್ನು ಹೊರಗೆ ಕಟ್ಟುವಾಗ ಜೀವದ ಮೇಲೆ ನಿಗಾ ಇರಲಿ. ಮೂರನೆಯ ಮಹಡಿಯಲ್ಲಿ ಹೊರಕ್ಕೆ ಬಾಗಿ ಯಾರೂ ಕೆಲಸ ಮಾಡತಕ್ಕದ್ದಲ್ಲ. ಹಗ್ಗವನ್ನು ಮಾಳಿಗೆಯಿಂದ ಇಳಿಬಿಡಬೇಕು, ಕೆಳಗಿನ ಎರಡು ಮೂಲೆಗಳನ್ನೂ ಬಿಗಿಯಬೇಕು. ಮೇ ತಿಂಗಳಿನ ಗಾಳಿಮಳೆಗೆ ತಟ್ಟಿ ಹಾರಿ ದಾರಿಯವರ ಮೇಲೆ ಬಿದ್ದರೆ ನಮ್ಮ ನೆರಳು ಇನ್ನೊಬ್ಬರಿಗೆ ಅಪಾಯವಾದೀತು. ಅಡಿಗೆಮನೆಯ ಕಿಟಕಿಗೆ ಮಾತ್ರ ಗೋಣಿಯೂ ಬೇಡ, ಬಿದಿರೂ ಬೇಡ. ಬೆಂಕಿಯ ಜಾಗ ಅದು. ಅಲ್ಲಿ ತಗಡಿನ ಓರೆ ಪಟ್ಟಿಗಳೇ ಸರಿ.

ಗಚ್ಚು ಎಂದರೆ ಸುಣ್ಣದ ಗಾರೆ, ಬೌಲಿ ಎಂದರೆ ಮೆಟ್ಟಿಲ ಬಾವಿ. ಹೆಸರು ಕೇಳಿದರೇ ತಂಪೆನ್ನಿಸುವ ಊರಿಗೆ ಹೊಟ್ಟೆಪಾಡಿಗೆ ಬಂದೆವು. ಇಲ್ಲಿನ ಗಾಜಿನ ಕಟ್ಟಡಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರಿನ ನಮ್ಮವರೇ ಎಷ್ಟೋ ಮಂದಿ. ಅವುಗಳೊಳಗೆ ಕುಳಿತವರಿಗೆ ಕಾಫಿ ಕೊಡುವವರೂ ನಾವೇ. ಅವರಿಗೆ ತಂಪು ಬೇಡವೆಂದು ನಾವು ಹೇಳುವುದಿಲ್ಲ. ದುಡಿದು ಬಂದವನಿಗೆ ಹಗಲು ನಾಲ್ಕು ತಾಸು ಕಣ್ಣುಮುಚ್ಚಲು ನೆರಳಿರುವ ಒಂದು ಕಿಟಕಿ ಬೇಕೆನ್ನುತ್ತೇವೆ.

ಕಾಗದ ಅಧ್ಯಕ್ಷರ ಮೇಜಿನ ಮೇಲಿದೆ. ಓದಿಸಿ ಕೇಳಿ, ಒಪ್ಪಿಗೆಯಾದರೆ ಸಹಿ ಮಾಡಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಸೇಡಂನ ಹುಡುಗ ಮೊದಲು ಹಾಕಿದ್ದಾನೆ. ಬರುವ ಭಾನುವಾರ ಮೂರೂವರೆ ಗಂಟೆಗೆ, ಬಿಡುವಿದ್ದವರು ನಮ್ಮ ಕೋಣೆಗೆ ಬನ್ನಿ. ಗೋಣಿತಾಟು, ದಬ್ಬಳ, ಹುರಿ ತಂದಿಟ್ಟಿರುತ್ತೇವೆ. ಹೊಲಿಯುವುದನ್ನು ಆ ಹುಡುಗನೇ ತೋರಿಸಿಕೊಡುತ್ತಾನೆ. ಆ ಹೊತ್ತಿಗೇ ಬನ್ನಿ ಎನ್ನುವುದಕ್ಕೆ ಕಾರಣವಿದೆ. ಬಿಸಿಲು ಆಗ ಕಿಟಕಿಯ ಮೇಲಿರುತ್ತದೆ. ನೆರಳು ಎಲ್ಲಿ ಬೀಳಬೇಕೆಂಬುದನ್ನು ಕಣ್ಣಾರೆ ನೋಡಿ ಕಟ್ಟಬಹುದು.